ಸೊನ್ನೆಯ ಸೀಸೆ

ಚಿನ್ನ ಕೆಂಪಗಿರುತ್ತದೆ ಎಂದರೆ ಮಹಾಂತಮ್ಮ ಜಪ್ಪಯ್ಯ ಅಂದರೂ ನಂಬುತ್ತಿರಲಿಲ್ಲ. "ಅರವತ್ತು ವರ್ಷ ಆಯ್ತು, ಹಳದಿ ಬಿಟ್ಟು ಬೇರೆ ಬಣ್ಣದ ಚಿನ್ನ ಕಂಡಿಲ್ಲ. ನಿನಗೆ ಯಾರೋ ಚೆನ್ನಾಗಿ ಟೋಪಿ ಹಾಕಿದ್ದಾರೆ ಕಣೋ," ಎಂದು ಮಗನನ್ನು ಗೇಲಿ ಮಾಡುತ್ತಿದ್ದರು. ಮಗ ಪ್ರಸನ್ನಕುಮಾರ್ ಮಾತ್ರ ಭದ್ರಾವತಿಯಿಂದ ದಿನಾ ಬೆಳಗ್ಗೆ ಆರೂವರೆಯ ಬಸ್ಸು ಹಿಡಿದು ಶಿವಮೊಗ್ಗಕ್ಕೆ ಹೋಗಿ, ತಾನು ಪಾಠ ಹೇಳುತ್ತಿದ್ದ ಕಾಲೇಜಿನ ಪ್ರಯೋಗಾಲಯದಲ್ಲಿ ಚಿನ್ನವನ್ನು ಕೆಂಪಗೆ ಮಾಡುವುದನ್ನೇ ಕಸುಬು ಮಾಡಿಕೊಂಡಿದ್ದ. ಚಿನ್ನದ ಲವಣವನ್ನು ನೀರಲ್ಲಿ ಕರಗಿಸಿ, ಕುದಿಸಿ, ಸಿಟ್ರೇಟ್ ಬೆರೆಸಿದರೆ ತಿಳಿಹಳದಿ ನೀರು ಮೊದಲು ಬಣ್ಣ ಕಳೆದುಕೊಂಡು, ಆಮೇಲೆ ಕಪ್ಪಿಟ್ಟು, ಕೊನೆಗೆ ಮುರುಗಲ ಹಣ್ಣಿನ ಪಾನಕದಂತೆ ಕೆಂಪಗೆ ನಿಲ್ಲುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಚಿನ್ನದ ಕಣಗಳು ಅದರೊಳಗೆ ತೇಲುತ್ತಿರುತ್ತವೆ. ಓದಿದವರು ನ್ಯಾನೋ ಕಣ ಎನ್ನುತ್ತಾರೆ. ಅಟೆಂಡರ್ ಓಬಯ್ಯ 'ಸಾಹೇಬ್ರ ಪಾನಕ' ಎನ್ನುತ್ತಿದ್ದ.

ಈ ಪಾನಕ ಇದ್ದದ್ದು ದನಗಳ ಕಂದು ರೋಗವನ್ನು ಹಿಡಿಯುವುದಕ್ಕೆ. ಆ ರೋಗ ತಗುಲಿದ ಹಸು ದಿನ ತುಂಬುವ ಮುಂಚೆಯೇ ಕಂದು ಹಾಕುತ್ತದೆ. ಅದರ ಹಸಿ ಹಾಲು ಕುಡಿದರೆ, ಇಲ್ಲವೇ ಅದು ಕಂದು ಹಾಕಿದಾಗ ಬರಿಗೈಯಲ್ಲಿ ಮುಟ್ಟಿದರೆ, ರೋಗ ಮನುಷ್ಯರಿಗೂ ದಾಟುತ್ತದೆ. ಮನುಷ್ಯರ ಮೈಯಲ್ಲಿ ಅದು ಕಳ್ಳನ ಹಾಗೆ ಸದ್ದಿಲ್ಲದೆ ಇರುತ್ತದೆ. ಸಂಜೆಯಾದರೆ ಸಣ್ಣ ಜ್ವರ, ಬೆಳಗಿನ ಜಾವ ಬೆವರು, ಕೀಲು ಕೀಲಲ್ಲೂ ನೋವು, ಬಸುರಿಯಾದರೆ ಗರ್ಭವೂ ನಿಲ್ಲದೇ ಹೋಗಬಹುದು. ಕಳ್ಳ ಸಿಗದಿದ್ದರೂ ಅವನನ್ನು ಅಟ್ಟಲು ಮೈ ಕಳಿಸಿದ ಕಾವಲುಗಾರರು ರಕ್ತದಲ್ಲಿ ಸಿಗುತ್ತಾರೆ, ಅವೇ ಪ್ರತಿಕಾಯಗಳು. ಆಸ್ಪತ್ರೆಯ ಕಾರ್ಡ್ ಪರೀಕ್ಷೆಗೆ ಪ್ರತಿಕಾಯ ದಂಡಿಯಾಗಿದ್ದರೆ ಮಾತ್ರ ಕಾಣುತ್ತದೆ. ಹತ್ತಿಪ್ಪತ್ತು ಪಾಲು ಕಮ್ಮಿಯಿದ್ದರೂ ಹಿಡಿಯುತ್ತೇನೆಂದು ಪ್ರಸನ್ನ ಹೊರಟಿದ್ದ.

ಅವನ ಬಯೋಸೆನ್ಸರ್ ಉಗುರಿನಗಲದ ಒಂದು ಪಟ್ಟಿ. ಅದರ ಮೇಲೆ ರೋಗಾಣುವಿನ ಪ್ರೋಟೀನ್ ಸವರಿರುತ್ತಿದ್ದ. ರಕ್ತದಿಂದ ಬೇರ್ಪಡಿಸಿದ ತಿಳಿನೀರು, ಅಂದರೆ ಸೀರಮ್, ಒಂದು ಹನಿ ಬಿಟ್ಟರೆ, ಪ್ರತಿಕಾಯ ಇದ್ದರೆ ಅಲ್ಲಿ ಅಂಟಿಕೊಳ್ಳುತ್ತದೆ. ತೊಳೆದು ಪಾನಕ ಬಿಟ್ಟರೆ ಆ ಪ್ರತಿಕಾಯಗಳಿಗೆ ಚಿನ್ನದ ಕಣ ಕಚ್ಚಿಕೊಳ್ಳುತ್ತದೆ. ಮತ್ತೆ ತೊಳೆದು ಯಂತ್ರಕ್ಕೆ ಸಿಕ್ಕಿಸಿದರೆ, ಉಳಿದ ಚಿನ್ನಕ್ಕೆ ತಕ್ಕಂತೆ ಒಂದು ಸಂಖ್ಯೆ ತೋರಿಸುತ್ತದೆ. ಚಿನ್ನ ಇಲ್ಲದೆ ಮೂಕವಾಗಿರುತ್ತಿದ್ದ ಪಟ್ಟಿ ಚಿನ್ನ ಬಂದಮೇಲೆ ಮಾತಾಡತೊಡಗಿತ್ತು.

ಅಳತೆ ಎಂದಮೇಲೆ ಅದಕ್ಕೊಂದು ಸೊನ್ನೆ ಬೇಕು. ಬರೀ ತಕ್ಕಡಿಯ ಮುಳ್ಳು ಎಲ್ಲಿ ನಿಲ್ಲುತ್ತದೆಂದು ನೋಡದೆ ಯಾವ ಅಂಗಡಿಯವನೂ ತೂಗುವುದಿಲ್ಲ. ಇಲ್ಲಿ ಸೊನ್ನೆ ಎಂದರೆ ಈ ರೋಗದ ಗಾಳಿಯೂ ಸೋಕದ ಮನುಷ್ಯನ ರಕ್ತ. ಹತ್ತು ಜನರದ್ದಾದರೂ ಬೇಕೆಂದು ಪುಸ್ತಕ ಹೇಳುತ್ತದೆ. ಆದರೆ ಕಾಲೇಜಿನಲ್ಲಿ ಯಾರನ್ನು ಕೇಳಿದರೂ ಒಂದಲ್ಲ ಒಂದು ಕೊಟ್ಟಿಗೆಯಲ್ಲಿ ಸಗಣಿ ಬಾಚಿ ಬೆಳೆದವರೇ. ಅವನ ಪಿಎಚ್.ಡಿ. ಗೈಡ್ ನರಸಿಂಹಮೂರ್ತಿಯವರು, "ಸದ್ಯಕ್ಕೆ ಒಬ್ಬರದ್ದಾದ್ರೂ ತಗೊಂಡು ಶುರು ಮಾಡಯ್ಯ, ಆಮೇಲೆ ನೋಡೋಣ," ಎಂದರು. ಆಮೇಲೆ ನೋಡೋಣ ಎಂದದ್ದನ್ನು ಆಮೇಲೆ ಯಾರು ನೋಡುತ್ತಾರೆ!

ಆಗ ಅವನಿಗೆ ಹೊಳೆದವಳು ಹೆಂಡತಿ ತನುಜಾ. ಅವಳು ಶಿವಮೊಗ್ಗದ ಹೊಸಮನೆಯ ಹುಡುಗಿ. ಅಪ್ಪನದು ಸವಳಂಗ ರಸ್ತೆಯಲ್ಲಿ ನೋಟ್‌ಬುಕ್ಕು ಪೆನ್ನು ಮಾರುವ ಅಂಗಡಿ. ಹುಟ್ಟಿದಾಗಿನಿಂದ ಪ್ಯಾಕೆಟ್ ಹಾಲು. ಎದುರಿಗೆ ಹಸು ಬಂದರೆ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಿದ್ದವಳು. ಇಡೀ ಜಿಲ್ಲೆ ಹುಡುಕಿದರೂ ಇಷ್ಟು ಶುದ್ಧವಾದ ಸೊನ್ನೆ ಸಿಗಲಾರದೆಂದು ಅವನು ಹಿಗ್ಗಿದ. ಭದ್ರಾವತಿಯ ಅವನ ಮನೆಯ ಹಿತ್ತಲಲ್ಲಿ ಒಂದು ಹಸುವಿತ್ತು, ನಿಜ. ಅಪ್ಪ ಶಿವಮೂರ್ತಪ್ಪ ಕಾರ್ಖಾನೆಯಿಂದ ನಿವೃತ್ತರಾದ ವರ್ಷವೇ ತೀರಿಕೊಂಡಾಗ, ಕೈಗೊಂದು ಕೆಲಸ ಬೇಕೆಂದು ಅಮ್ಮ ಕಟ್ಟಿಕೊಂಡ ಹಸು ಅದು. ಹಾಲು ಕಾಯಿಸಿಯೇ ಕುಡಿಯಬೇಕೆಂದು ಅವನು ಅಮ್ಮನಿಗೆ ಹೇಳಿಯಾಗಿತ್ತು. ಹೇಳಿಯಾಯಿತೆಂದರೆ ನಡೆದೂ ಆಯಿತೆಂದು ನಂಬುವ ಮೇಷ್ಟ್ರುಗಳ ಪೈಕಿ ಅವನು.

2007ರ ಸಂಕ್ರಾಂತಿ ಕಳೆದ ವಾರ, ಪಕ್ಕದ ಬೀದಿಯ ನರ್ಸ್ ಜಲಜಮ್ಮ ಮನೆಗೆ ಬಂದು ತನುಜಾಳ ರಕ್ತ ತೆಗೆದುಕೊಟ್ಟರು. ಮೊದಲ ಬಸುರು ಮೂರೇ ತಿಂಗಳಿಗೆ ಹೋಗಿ ಒಂಬತ್ತು ತಿಂಗಳಾಗಿತ್ತು. ಆದರೂ ಆ ದಿನ ಅವಳು ನಗುತ್ತಿದ್ದಳು. "ಬೇರೆ ಗಂಡಸ್ರು ಹೆಂಡ್ತಿ ಫೋಟೋ ಇಟ್ಕೊಂಡು ಓಡಾಡ್ತಾರೆ. ನೀವು ನನ್ನ ರಕ್ತಾನೇ ಇಟ್ಕೊಂಡು ಓಡಾಡಿ," ಎಂದಿದ್ದಳು. ಅವನು ಕಾರ್ಡ್ ಪರೀಕ್ಷೆಯನ್ನೂ ಮಾಡಿ ನೋಡಿದ. ಏನೂ ಕಾಣಲಿಲ್ಲ. ಸೀರಮ್ಮನ್ನು ಇಪ್ಪತ್ತೈದು ಪುಟ್ಟ ಸೀಸೆಗಳಿಗೆ ಹಂಚಿ, ಮುಚ್ಚಳಗಳ ಮೇಲೆ ಒಂದೊಂದು ಸೊನ್ನೆ ಸುತ್ತಿ, ಫ್ರೀಜರಿನಲ್ಲಿಟ್ಟ.

ಆ ವರ್ಷ ಆಗಸ್ಟಿನಲ್ಲಿ ಪಟ್ಟಿಗೆ ಮೊದಲ ಸಲ ಚಿನ್ನ ಸೇರಿಸಿದಾಗ ಒಂದು ತಕರಾರು ಬಂದಿತ್ತು. ಚಿನ್ನವಿಲ್ಲದಾಗ ಮೂರು ತೋರಿಸುತ್ತಿದ್ದ ಸೊನ್ನೆಯ ಸೀಸೆ ಚಿನ್ನದೊಡನೆ ನಲವತ್ತೊಂದು ತೋರಿಸಿತು. ರೋಗಿಗಳದ್ದು ಮುನ್ನೂರು, ನಾನೂರು ಬರುತ್ತಿತ್ತು. ಅದರ ಮುಂದೆ ನಲವತ್ತೊಂದು ದೊಡ್ಡದಲ್ಲ. ಆದರೂ ಸೊನ್ನೆ ಸೊನ್ನೆಯಾಗಿರಲಿಲ್ಲ. ನರಸಿಂಹಮೂರ್ತಿಯವರು ನಕ್ಕುಬಿಟ್ಟಿದ್ದರು. "ಚಿನ್ನ ಅಂದ್ಮೇಲೆ ಎಲ್ಲಾ ಕಡೆ ಸ್ವಲ್ಪ ಮೆತ್ಕೊಳ್ಳತ್ತೆ ಕಣಯ್ಯ. ಅದು ಬರೀ ಗಲೀಜು. ಎಲ್ಲದರಿಂದ್ಲೂ ನಲವತ್ತೊಂದು ಕಳೆದುಬಿಡು." ಅವನು ಕಳೆದ. ಕಳೆದ ಕೂಡಲೇ ಗ್ರಾಫಿನ ಗೆರೆ ಸೊನ್ನೆಯ ಮೂಲೆಯಿಂದ ನೆಟ್ಟಗೆ ಎದ್ದು ನಿಂತಿತು. ಆ ಗೆರೆಯ ಮೇಲೆ ಒಂದು ಪ್ರಬಂಧ ಅಚ್ಚಾಯಿತು. ನೂರ ನಲವತ್ತು ಜನರ ರಕ್ತ ನೋಡಿ ಯಾರಿಗೆ ರೋಗವಿದೆ, ಯಾರಿಗಿಲ್ಲ ಎಂದು ತೀರ್ಪೂ ಬರೆದಾಯಿತು. ಪಿಎಚ್.ಡಿ. ಗ್ರಂಥ ಟೈಪಾಗುತ್ತಿತ್ತು, ಏಪ್ರಿಲ್ ಕೊನೆಗೆ ಸಲ್ಲಿಸಬೇಕು.

2008ರ ಮಾರ್ಚ್ ತಿಂಗಳ ಒಂದು ಬುಧವಾರ, ಫ್ರೀಜರ್ ತೆಗೆದು ನೋಡಿದರೆ ಸೊನ್ನೆಯ ಸೀಸೆ ಒಂದೇ ಉಳಿದಿತ್ತು. ಇನ್ನೂ ನಾಲ್ಕು ಪ್ರಯೋಗ ಬಾಕಿ. ತನುಜಾಳನ್ನು ಕೇಳುವ ಹಾಗಿರಲಿಲ್ಲ. ಅವಳು ಮತ್ತೆ ಬಸುರಿ, ಮೂರು ತಿಂಗಳು. ಎರಡನೆಯದು ಕಳೆದ ಸೆಪ್ಟೆಂಬರಿನಲ್ಲಿ ಐದನೇ ತಿಂಗಳಿಗೆ ಹೋಗಿತ್ತು. ಈಗ ಮನೆಯಲ್ಲಿ ಅವಳು ಕೆಮ್ಮಿದರೂ ಎಲ್ಲರೂ ತಿರುಗಿ ನೋಡುತ್ತಿದ್ದರು. ಪ್ರಸನ್ನ ಲೈಬ್ರರಿಯ ಜಯಪ್ಪನನ್ನು ಹಿಡಿದ. ಜಯಪ್ಪ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದ ಮನುಷ್ಯ. ಹಾಲಿನ ವಾಸನೆಗೇ ವಾಕರಿಸಿ, ನಿಂಬೆ ಹಿಂಡಿದ ಕಪ್ಪು ಚಹಾ ಕುಡಿದು ಬದುಕಿದವನು. ಅವನ ಸೀರಮ್ ಹಾಕಿದರೆ ಯಂತ್ರ ಆರು ತೋರಿಸಿತು.

ಪ್ರಸನ್ನ ಮೊದಲು ಪಾನಕವನ್ನು ಬೈದ. ಹೊಸದಾಗಿ ಕುದಿಸಿ ಮಾಡಿದ. ಮತ್ತೆ ಆರು. ಪಟ್ಟಿ ಹಳೆಯದಾಗಿರಬೇಕೆಂದು ಹೊಸ ಪಟ್ಟಿ ತೆಗೆದ. ಐದು. ಚಿನ್ನ ಎಲ್ಲ ಕಡೆ ಮೆತ್ತಿಕೊಳ್ಳುವುದೇ ನಿಜವಾದರೆ ಜಯಪ್ಪನ ಮೇಲೆ ಅದಕ್ಕೇನು ಸಿಟ್ಟು? ಕೊನೆಯ ಸೊನ್ನೆಯ ಸೀಸೆಯನ್ನು ಕರಗಿಸಿ ಅದೇ ಪಾನಕದೊಡನೆ, ಅದೇ ಕಂತಿನ ಇನ್ನೊಂದು ಪಟ್ಟಿಗೆ ಹಾಕಿದ. ನಲವತ್ತಮೂರು. ಅದಕ್ಕೆ ಅಷ್ಟೇ ನೀರು ಬೆರೆಸಿ ನೋಡಿದ, ಇಪ್ಪತ್ತೆರಡು. ಇನ್ನೊಂದು ಸಲ ಬೆರೆಸಿದ, ಹನ್ನೊಂದು. ರೋಗಾಣುವಿನ ಪ್ರೋಟೀನ್ ಸವರದ ಬರೀ ಪಟ್ಟಿಯ ಮೇಲೆ ಹಾಕಿದ, ಐದು. ಗಲೀಜು ಹೀಗೆ ಶಿಸ್ತಾಗಿ ಅರ್ಧ ಅರ್ಧ ಆಗುವುದಿಲ್ಲ. ರೋಗಾಣು ಇದ್ದ ಕಡೆ ಮಾತ್ರ ಅಂಟುವ ಚಿನ್ನ ಗಲೀಜಲ್ಲ.

ಅವನು ಸ್ಟೂಲಿನ ಮೇಲೆ ಕೂತುಬಿಟ್ಟ. ಅವನ ಯಂತ್ರ ಸರಿಯಾಗಿತ್ತು. ಅವನು ಅಂದುಕೊಂಡದ್ದಕ್ಕಿಂತಲೂ ಸರಿಯಾಗಿತ್ತು. ತನುಜಾಳಿಗೆ ಕಂದು ರೋಗವಿತ್ತು, ಅದೂ ಆ ಸಂಕ್ರಾಂತಿಗೂ ಮುಂಚಿನಿಂದ. ಅವಳ ಸಂಜೆಯ ಜ್ವರವನ್ನು ಒಬ್ಬ ಡಾಕ್ಟರು ಟೈಫಾಯಿಡ್ ಎಂದಿದ್ದರು, ಇನ್ನೊಬ್ಬರು ನಿಶ್ಶಕ್ತಿ ಎಂದಿದ್ದರು. ಮಂಡಿ ಹಿಡಿದುಕೊಂಡು ಏಳುವಾಗ ಅವನೇ, "ಏನು ಮಾರಾಯ್ತಿ, ಇಪ್ಪತ್ತೆಂಟಕ್ಕೇ ಅಜ್ಜಿ ಆದ್ಯಾ?" ಎಂದು ತಮಾಷೆ ಮಾಡಿದ್ದ. ಆ ರೋಗವನ್ನು ಜಿಲ್ಲೆಯ ಕೊಟ್ಟಿಗೆ ಕೊಟ್ಟಿಗೆ ತಿರುಗಿ ಹುಡುಕಿದ ಗಂಡ, ಹೆಂಡತಿಯ ರೋಗಕ್ಕೆ ಸೊನ್ನೆ ಎಂದು ಹೆಸರಿಟ್ಟು ಫ್ರೀಜರಿನಲ್ಲಿ ಇಟ್ಟಿದ್ದ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲಿಗೆ ಬಿತ್ತು ಎನ್ನುತ್ತಾರಲ್ಲ, ಅದಕ್ಕಿಂತ ಕಡೆ. ಹಲ್ಲಿ ಬಿದ್ದರೆ ಹಲ್ಲಿಗೆ ಮಾತ್ರ ನೋವು.

ನರಸಿಂಹಮೂರ್ತಿಯವರು ಹಾಳೆಗಳನ್ನು ಎರಡು ಸಲ ನೋಡಿ ಕನ್ನಡಕ ತೆಗೆದರು. ಕೆಟ್ಟ ಮನುಷ್ಯರೇನಲ್ಲ. "ಛೆ, ಎಂಥ ಕೆಲಸ ಆಯ್ತು. ಮೊದ್ಲು ಆಸ್ಪತ್ರೆಗೆ ಕರ್ಕೊಂಡು ಹೋಗು. ಔಷಧಿ ಇದೆ ಇದಕ್ಕೆ," ಎಂದರು. ಆಮೇಲೆ ದನಿ ತಗ್ಗಿಸಿದರು. "ಗ್ರಂಥ ಮಾತ್ರ ಮುಟ್ಟೋಕೆ ಹೋಗ್ಬೇಡ. ಅದು ಅದರ ಪಾಡಿಗೆ ಹೋಗ್ಲಿ."

"ಸೊನ್ನೆ ತಪ್ಪಾಗಿದೆ ಸರ್. ಜಯಪ್ಪನ್ನ ಸೊನ್ನೆ ಅಂತ ಇಟ್ಟು ನೋಡಿದ್ರೆ, ಇಲ್ಲ ಅಂತ ಬರೆದವರಲ್ಲಿ ಹನ್ನೊಂದು ಜನಕ್ಕೆ ಇದೆ."

"ಹನ್ನೊಂದು ಜನಕ್ಕೆ ಕಾಗದ ಹಾಕು, ಇನ್ನೊಂದ್ಸಲ ಪರೀಕ್ಷೆ ಮಾಡಿಸ್ಕೊಳ್ಳಿ ಅಂತ. ಯಾಕೆ ಅಂತ ಬರೀಬೇಕಾಗಿಲ್ಲ."

ಆ ಸಲಹೆ ಅವನಿಗೆ ಹಿತವಾಗಿಯೇ ಕೇಳಿಸಿತು. ಅದೇ ಅವನಿಗೆ ಆಮೇಲೆ ನಾಚಿಕೆಯಾದ ವಿಷಯ.

ಮಧ್ಯಾಹ್ನ ಮೂರೂವರೆಗೆ ಭದ್ರಾವತಿಯ ಖಾಸಗಿ ಬಸ್ಸು ಹತ್ತಿದ. ಮಲವಗೊಪ್ಪದಲ್ಲಿ ಜನ ಹತ್ತಿ ಇಳಿಯುವ ತನಕ ಡ್ರೈವರು ಎಂಜಿನ್ ಆರಿಸದೆ ನಿಂತಿದ್ದ. ಪ್ರಸನ್ನ ತೊಡೆಯ ಮೇಲಿನ ಚೀಲವನ್ನು ಎರಡೂ ಕೈಯಲ್ಲಿ ಅವುಚಿ ಕೂತಿದ್ದ. ರೋಗ ಎಲ್ಲಿಂದ ಬಂತು ಎಂಬುದೊಂದೇ ಅವನ ತಲೆಯಲ್ಲಿ ಸುತ್ತುತ್ತಿತ್ತು. ಹಾಲು ಕಾಯಿಸುತ್ತಾರೆ. ಹಸು ಒಂದು ದಿನವೂ ಕಂದು ಹಾಕಿದ್ದಿಲ್ಲ. ಹಾಗಾದರೆ ಎಲ್ಲಿಂದ?

ದಿನಾ ಏಳು ಗಂಟೆಗೆ ಮನೆ ಸೇರುವವನು ಅಂದು ಐದಕ್ಕೆ ಮುಂಚೆಯೇ ಗೇಟು ತೆಗೆದ. ಒಳಗೆ ಯಾರೂ ಕಾಣಲಿಲ್ಲ. ಹಿತ್ತಲಲ್ಲಿ ಪಾತ್ರೆಗೆ ಹಾಲು ಬೀಳುವ ಸದ್ದು ಕೇಳಿ ಅಡುಗೆಮನೆ ದಾಟಿ ಹೋದ. ಮಹಾಂತಮ್ಮ ಆಗತಾನೇ ಹಸುವಿನ ಮಗ್ಗುಲಿಂದ ಎದ್ದು, ಕರೆದ ಹಾಲನ್ನು ಹಿತ್ತಾಳೆ ಲೋಟಕ್ಕೆ ಬಗ್ಗಿಸಿ, ಸೊಸೆಯ ಕೈಗೆ ಕೊಟ್ಟಿದ್ದರು. "ಕೆಚ್ಚಲ ಬಿಸಿ ಆರೋದ್ರೊಳಗೆ ಕುಡಿದುಬಿಡು ಮಗ. ಪ್ಯಾಕೆಟ್ ಹಾಲಲ್ಲಿ ಬೆಳೆದ ಮೈ ನಿಂದು. ಗರ್ಭ ನಿಲ್ಲೋಕೆ ಕಸುವು ಬೇಡ್ವಾ?" ತನುಜಾ ಅರ್ಧ ಲೋಟ ಮುಗಿಸಿದ್ದಳು. ಅವಳ ಮೇಲ್ದುಟಿಯ ಮೇಲೆ ಬಿಳಿ ನೊರೆ ಕೂತಿತ್ತು.

ಪ್ರಸನ್ನ ಜೀವಮಾನದಲ್ಲಿ ಅಷ್ಟು ದೊಡ್ಡದಾಗಿ ಕೂಗಿರಲಿಲ್ಲ. ಲೋಟ ಅವಳ ಕೈಯಿಂದ ಜಾರಿ ಸಗಣಿಯ ಮೇಲೆ ಬಿತ್ತು. ಹಸು ಬೆದರಿ ಹಗ್ಗ ಜಗ್ಗಿತು.

"ಎಷ್ಟು ದಿನದಿಂದ ಕುಡೀತಿದ್ದೀಯ?"

ತನುಜಾ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಮೊದಲ್ನೇದು ಹೋದಾಗಿನಿಂದ. ಎರಡು ಹೊತ್ತೂ. ನೀವು ಬೆಳಗ್ಗೆ ಹೋದ್ಮೇಲೆ ಒಂದ್ಸಲ, ಬರೋ ಮುಂಚೆ ಒಂದ್ಸಲ."

"ಕಾಯಿಸಿ ಕುಡೀರಿ ಅಂತ ಹೇಳಿರ್ಲಿಲ್ವಾ ಅಮ್ಮ?"

"ನಿನಗೆ ಕಾಯಿಸೇ ಕೊಡ್ತಿದ್ನಲ್ಲೋ," ಎಂದರು ಮಹಾಂತಮ್ಮ. "ಬಸುರಿಗೆ ನೊರೆಹಾಲು ಕೊಡ್ಬಾರ್ದು ಅಂತ ಯಾರು ಹೇಳಿದ್ರು? ನಿನ್ನ ಹೊತ್ತಾಗ ನಮ್ಮತ್ತೆ ನನಗೂ ಇದನ್ನೇ ಕೊಟ್ಟಿದ್ದು. ನೀನು ಗಟ್ಟಿಮುಟ್ಟಾಗಿ ಹುಟ್ಲಿಲ್ವಾ?"

ಅವನು ಕೊಟ್ಟಿಗೆಯ ಕಂಬ ಹಿಡಿದು ನಿಂತು ಎಲ್ಲವನ್ನೂ ಹೇಳಿದ. ಯಂತ್ರ ಹೇಳಿದ್ದು, ಚಿನ್ನ ಹೇಳಿದ್ದು, ಜಯಪ್ಪನ ಆರು, ಅವಳ ನಲವತ್ತಮೂರು. ಒಂದನ್ನು ಮಾತ್ರ ಹೇಳಲಿಲ್ಲ. ಕಳೆದ ಆಗಸ್ಟಿನಲ್ಲೇ ಯಂತ್ರ ಇದನ್ನು ಹೇಳಿತ್ತೆಂಬುದು ನಾಲಿಗೆಯ ತುದಿಗೆ ಬಂದು ಹಿಂದಕ್ಕೆ ಹೋಯಿತು. ಕೊನೆಗೆ, "ಈ ಹಸು ಯಾವತ್ತಾದ್ರೂ ಕಂದು ಹಾಕಿತ್ತಾ?" ಎಂದು ಕೇಳಿದ.

ಅತ್ತೆ ಸೊಸೆ ಮುಖ ಮುಖ ನೋಡಿಕೊಂಡರು. ಆ ನೋಟ ಕಂಡೇ ಅವನಿಗೆ ಉತ್ತರ ತಿಳಿದುಹೋಯಿತು.

"ನೀನು ಟ್ರೈನಿಂಗು ಅಂತ ಮೂರು ವಾರ ಬೆಂಗಳೂರಲ್ಲಿದ್ಯಲ್ಲ, ಆವಾಗ," ಎಂದರು ಮಹಾಂತಮ್ಮ. ಆ ಟ್ರೈನಿಂಗ್ 2005ರ ಡಿಸೆಂಬರಿನದು. "ಏಳು ತಿಂಗಳಿಗೆ ಹಾಕ್ತು. ಅದು ಗಬ್ಬ ಇದ್ದದ್ದೂ ನಿನಗೆ ಗೊತ್ತಿರ್ಲಿಲ್ಲ. ಕಸ ಬೀಳ್ಲಿಲ್ಲ, ಮಾಸು ಒಳಗೇ ಉಳೀತು. ನನ್ನ ಕೈ ಊದ್ಕೊಂಡಿತ್ತು. ಪಾಪ, ಹಸು ಅಂದ್ರೆ ಹೆದರ್ತಿದ್ದ ಹುಡುಗಿ, ಇವ್ಳೇ ಕೈ ಹಾಕಿ ತೆಗೆದ್ಳು. ನಿನಗೆ ಹೇಳಿದ್ರೆ ಸೂಜಿ ಹಿಡ್ಕೊಂಡು ಬರ್ತೀಯ, ರೋಗ ಅಂತೀಯ, ಹಸು ಕಳಿಸು ಅಂತೀಯ. ನಾನೇ ಹೇಳ್ಬೇಡ ಅಂತ ಇವ್ಳ ಹತ್ರ ಆಣೆ ಹಾಕಿಸ್ಕೊಂಡೆ. ನನಗೇನು ಗೊತ್ತಿತ್ತು..." ಅವರಿಗೆ ಆಗ ಅರ್ಥವಾಗತೊಡಗಿತ್ತು. ಬಿದ್ದ ಲೋಟವನ್ನು ಎತ್ತಿಕೊಂಡರು, ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದು ನಿಂತರು.

ಮರುದಿನ ಆಸ್ಪತ್ರೆಯಲ್ಲಿ ಲೇಡಿ ಡಾಕ್ಟರು ಪ್ರಸನ್ನನ ಹಾಳೆಯನ್ನು ತಾಳ್ಮೆಯಿಂದ ಓದಿದರು. ದೃಢಪಡಿಸಲು ರಕ್ತವನ್ನು ಬೆಂಗಳೂರಿಗೆ ಕಳಿಸಿದರು. ಬಸುರಿಗೆ ಕೊಡಬಹುದಾದ ಮಾತ್ರೆಗಳನ್ನು ಆರು ವಾರಕ್ಕೆ ಬರೆದುಕೊಟ್ಟರು. ಮಗು ಉಳಿಯುತ್ತದೆಯೇ ಎಂದು ತನುಜಾ ಕೇಳಿದಳು. "ಈಗ್ಲೇ ಹೇಳೋಕಾಗಲ್ಲಮ್ಮ. ಮಾತ್ರೆ ತಪ್ಪಿಸ್ಬೇಡಿ. ಇನ್ನೂ ಮುಂಚೆ ಗೊತ್ತಾಗಿದ್ರೆ ಚೆನ್ನಾಗಿತ್ತು," ಎಂದರು ಡಾಕ್ಟರು. ಪ್ರಸನ್ನ ಗೋಡೆಯ ಮೇಲಿನ ಲಸಿಕೆಯ ಪಟ್ಟಿ ಓದುತ್ತಿರುವವನಂತೆ ಮುಖ ತಿರುಗಿಸಿದ.

ಹಸುವಿನ ರಕ್ತವೂ ಮುನ್ನೂರ ತೊಂಬತ್ತು ತೋರಿಸಿತು. ಮಹಾಂತಮ್ಮ ಹಾಲು ಕರೆದು ಗುಂಡಿಗೆ ಸುರಿಯತೊಡಗಿದರು. ಊಟಕ್ಕೆ ಕರೆದರೆ ಹಸಿವಿಲ್ಲ ಎನ್ನುವರು. ಬೆಳಗ್ಗೆ ವಿಭೂತಿ ಧರಿಸಿ ಪೂಜೆಗೆ ಕೂತರೆ ಎರಡು ಗಂಟೆ ಕಳೆದರೂ ಏಳುತ್ತಿರಲಿಲ್ಲ. ನೋಡಲು ಬಂದವರೆದುರು ಒಂದೇ ಮಾತು: "ನಾನೇ ಕಣ್ರೇ. ಪ್ರೀತಿ ಪ್ರೀತಿ ಅಂತ ನಾನೇ ನನ್ನ ಕೈಯಾರೆ ಎರಡು ಮೊಮ್ಮಕ್ಕಳನ್ನ ಕೊಂದೆ."

"ನಿಂಗೇನು ಗೊತ್ತಿತ್ತು ಬಿಡಮ್ಮ," ಎಂದು ಪ್ರಸನ್ನ ಸಮಾಧಾನ ಹೇಳುತ್ತಿದ್ದ. ಎಂಥ ದೊಡ್ಡ ಮನಸ್ಸು! ತಾಯಿಯನ್ನು ಕ್ಷಮಿಸಿದ ಮಗ. ಬಂದವರು ಅವನನ್ನು ಹೊಗಳಿ ಹೋಗುತ್ತಿದ್ದರು. ಆ ಹೊಗಳಿಕೆ ಮೈಮೇಲೆ ಬಿದ್ದಾಗಲೆಲ್ಲ ಅವನಿಗೆ ಚೇಳು ಕುಟುಕಿದಂತಾಗುತ್ತಿತ್ತು. ಒಪ್ಪಿಕೊಳ್ಳಬೇಕೆಂದು ಬೆಳಗ್ಗೆ ನಿರ್ಧರಿಸುವನು, ಮಧ್ಯಾಹ್ನದ ಹೊತ್ತಿಗೆ ಬೇರೆ ನ್ಯಾಯ ಹೊಳೆಯುವುದು. ಬಸುರಿಗೆ ಈಗ ಆಘಾತ ಆಗಬಾರದು. ಕಳೆದದ್ದನ್ನು ಕೆದಕಿ ಏನು ಪ್ರಯೋಜನ? ಗ್ರಂಥ ಹಾಳಾದರೆ ಸಂಸಾರದ ಗತಿ? ನ್ಯಾಯಗಳಿಗೇನು ಬರ, ಕೇಳುವವನು ಒಬ್ಬನೇ ಆದಾಗ.

ಭಾನುವಾರ ಬೆಳಗ್ಗೆ ಹತ್ತರ ಹೊತ್ತಿಗೆ ಜಲಜಮ್ಮ ರಕ್ತ ತೆಗೆಯಲು ಬರುವವರಿದ್ದರು. ಮಾತ್ರೆ ಹಿಡಿಯುತ್ತಿದೆಯೇ ಎಂದು ಮುಂದೆ ತಿಳಿಯಬೇಕಾದರೆ ಈಗಿನದೊಂದು ಅಳತೆ ಬೇಕಿತ್ತು. ನಡುಮನೆಯಲ್ಲಿ ತನುಜಾ ಗೋಡೆಗೆ ಒರಗಿ ಕೂತಿದ್ದಳು. ಮಹಾಂತಮ್ಮ ಅವಳ ಎದುರು ನೆಲದ ಮೇಲೆ ಕೂತು, ಮಾತ್ರೆಯ ಚೀಟಿ ಕೈಯಲ್ಲಿ ಹಿಡಿದು, "ನಿನ್ನ ಕಾಲಿಗೆ ಬೀಳ್ತೀನಿ ಮಗ, ನನ್ನ ಕ್ಷಮಿಸಿಬಿಡು," ಎಂದು ನಿಜವಾಗಿಯೂ ಬಗ್ಗಿದರು. ಹಿರಿಯ ಜೀವ ಸೊಸೆಯ ಕಾಲಿಗೆ ಬಗ್ಗಿದ್ದನ್ನು ಕಂಡು ಪ್ರಸನ್ನನಿಗೆ ತಡೆದುಕೊಳ್ಳಲಾಗಲಿಲ್ಲ. ಕೋಣೆಗೆ ಹೋಗಿ ಪ್ರಯೋಗಾಲಯದ ನೋಟ್‌ಬುಕ್ ತಂದು, ಮೂಲೆ ಮಡಿಸಿದ್ದ ಪುಟ ತೆಗೆದು, ಇಬ್ಬರ ನಡುವೆ ಇಟ್ಟ.

"ಅಮ್ಮ, ನೀನು ಏಳು. ಇದನ್ನ ನಾನು ಹೇಳಿರ್ಲಿಲ್ಲ," ಎಂದ. ನಿಂತೇ ಓದಿದ, ಕೂರುವ ಧೈರ್ಯ ಇರಲಿಲ್ಲ. "ಸೊನ್ನೆಯ ಸೀಸೆ, ನಲವತ್ತೊಂದು. ಗಲೀಜು ಎಂದು ಕಳೆಯಲಾಗಿದೆ. ಆಗಸ್ಟ್ ಹದಿನಾಲ್ಕು."

"ಅಂದ್ರೆ?" ಎಂದಳು ತನುಜಾ.

"ಅಂದ್ರೆ ನಿನಗೆ ರೋಗ ಇದೆ ಅಂತ ಮಿಷನ್ನು ಅವತ್ತೇ ಹೇಳಿತ್ತು. ಇನ್ನೊಬ್ಬರ ರಕ್ತ ಹಾಕಿ ನೋಡಿದ್ರೆ ಅವತ್ತೇ ಗೊತ್ತಾಗ್ತಿತ್ತು. ಒಂದು ದಿನದ ಕೆಲಸ. ನಾನು ನೋಡ್ಲಿಲ್ಲ. ಗೆರೆ ನೆಟ್ಟಗೆ ಬರ್ಲಿ ಅಂತ ಕಳೆದುಬಿಟ್ಟೆ."

ತನುಜಾ ನೋಟ್‌ಬುಕ್ ಹತ್ತಿರ ಎಳೆದುಕೊಂಡು ಆ ಸಾಲಿನ ಮೇಲೆ ಬೆರಳಿಟ್ಟಳು. ಅಂಗಡಿಯ ಮಗಳು, ತಾರೀಕು, ಲೆಕ್ಕ ಅವಳಿಗೆ ಬೇಗ ಹತ್ತುತ್ತಿತ್ತು. "ಆಗಸ್ಟ್ ಹದಿನಾಲ್ಕು," ಎಂದಳು. "ಎರಡನೇದು ಹೋಗಿದ್ದು ಸೆಪ್ಟೆಂಬರ್ ಎರಡು. ಹತ್ತೊಂಬತ್ತು ದಿನ." ಅವಳ ದನಿ ಏರಲಿಲ್ಲ. ಏರಿದ್ದರೆ ಅವನಿಗೆ ಸುಲಭವಾಗುತ್ತಿತ್ತು. "ಆವಾಗ ಅದು ಹೊಟ್ಟೇಲಿ ಆಡ್ತಿತ್ತು. ಒದೀತಿದೆ ನೋಡಿ ಅಂತ ನಿಮ್ಮ ಕೈ ಹಿಡಿದು ಇಟ್ಕೊಂಡಿದ್ದೆ."

"ಹೌದು."

"ಔಷಧಿ ತಗೊಂಡಿದ್ರೆ ಉಳೀತಿತ್ತಾ?"

"ಗೊತ್ತಿಲ್ಲ ತನು. ಉಳೀತಿತ್ತೋ ಏನೋ."

ಮಹಾಂತಮ್ಮ ಇನ್ನೂ ನೆಲದ ಮೇಲೆಯೇ ಇದ್ದರು. ಮಗನ ಮುಖವನ್ನು ಯಾರೋ ಅಪರಿಚಿತನನ್ನು ನೋಡುವಂತೆ ನೋಡಿದರು. "ಹಂಗಾದ್ರೆ ಈ ನಾಲ್ಕು ದಿನ ನಾನು ಎದೆ ಬಡ್ಕೊಳ್ಳೋದನ್ನ ನೋಡ್ತಾ ನಿಂತಿದ್ಯಲ್ಲೋ," ಎಂದರು. ಗ್ರಂಥ ಸಲ್ಲಿಸುವುದಿಲ್ಲ, ಮೊದಲಿಂದ ಎಲ್ಲ ಅಳೆಯುತ್ತೇನೆ, ಅಚ್ಚಾದ ಪ್ರಬಂಧ ತಪ್ಪೆಂದು ಬರೆಯುತ್ತೇನೆ, ಹನ್ನೊಂದು ಮನೆಗೂ ನಾನೇ ಹೋಗಿ ಯಾಕೆಂದು ಹೇಳುತ್ತೇನೆ ಎಂದು ಪ್ರಸನ್ನ ತೊದಲಿದ. ಅವೆಲ್ಲ ಅವನು ಮಾಡಬೇಕಾದ ಕೆಲಸಗಳೇ ಆಗಿದ್ದವು. ಆದರೆ ಆ ನಡುಮನೆಯಲ್ಲಿ ಯಾರೂ ಅದನ್ನು ಕೇಳಿರಲಿಲ್ಲ.

ಜಲಜಮ್ಮ ಬಂದರು. ಮನೆಯಲ್ಲಿ ಏನೋ ನಡೆದಿದೆ ಎಂದು ಅವರಿಗೆ ಹೊಸ್ತಿಲಲ್ಲೇ ತಿಳಿಯಿತು. ಚೀಲ ಬಿಚ್ಚಿ, ತನುಜಾಳ ತೋಳಿಗೆ ರಬ್ಬರು ಕಟ್ಟಿ, ನರ ಹುಡುಕಿದರು. ಸೂಜಿ ಒಳಗೆ ಹೋದಾಗ ತನುಜಾ ಮುಖ ತಿರುಗಿಸಲಿಲ್ಲ. ರಕ್ತ ಕೊಳವೆಗೆ ಏರುವುದನ್ನೇ ನೋಡುತ್ತಿದ್ದಳು. ಪ್ರಸನ್ನ ಅಭ್ಯಾಸಬಲದಿಂದ ಜೇಬಿನಿಂದ ಪುಟ್ಟ ಸೀಸೆ, ಮಾರ್ಕರ್ ಪೆನ್ನು ತೆಗೆದ.

"ಮುಚ್ಚಳದ ಮೇಲೆ ಸೊನ್ನೆ ಹಾಕ್ಬೇಡಿ," ಎಂದಳು ತನುಜಾ. "ನನ್ನ ಹೆಸರು ಬರೀರಿ. ಮಿಷನ್ನು ಎಷ್ಟು ಹೇಳತ್ತೋ ಅಷ್ಟನ್ನೇ ಬರ್ಕೊಂಡು ಬಂದು ನನಗೆ ತೋರ್ಸಿ."

ಮುಚ್ಚಳ ಚಿಕ್ಕದು, ಹೆಸರು ಹಿಡಿಸಲಿಲ್ಲ. ಅವನು ಸೀಸೆಯನ್ನು ಅಡ್ಡ ಹಿಡಿದು ಅದರ ಮೈಮೇಲೆ ಬರೆದ. ಜಲಜಮ್ಮ ಸೂಜಿ ಹೊರಗೆ ತೆಗೆದು ಹತ್ತಿಯ ಉಂಡೆ ಇಟ್ಟು, "ಯಾರಾದ್ರೂ ಐದು ನಿಮಿಷ ಒತ್ತಿ ಹಿಡ್ಕೊಳ್ಳಿ," ಎಂದರು. ಪ್ರಸನ್ನ ಕೈ ಚಾಚಿದ. ತನುಜಾ ತೋಳನ್ನು ಅತ್ತೆಯ ಕಡೆಗೆ ತಿರುಗಿಸಿದಳು.